ಒಂದು ಸೈಜು ದೊಡ್ಡದು

ನವೆಂಬರ್ ೨೭

ಪ್ರೀತಿಯ ಅತ್ತಿಗೆಗೆ,

ಗುಬ್ಬಿ ಮಾಡುವ ನಮಸ್ಕಾರ. ನಾನು ಬಂದು ಸೇರಿದ್ದೇನೆ. ಫೋನು ಮಾಡಲಿಲ್ಲ ಎಂದು ಬಯ್ಯಬೇಡಿ. ಫೋನಿನಲ್ಲಿ ನನಗೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಬರೆಯಲು ಕೂತರೆ ನಾಲ್ಕು ಮಾತು ಬರುತ್ತದೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಕೆಲಸ ಗುಡ್ಡದ ಬುಡದಲ್ಲಿ, ಜನರನ್ನು ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳ ಹತ್ತಿರ. ಕುರ್ಚಿ ಬರುತ್ತದೆ, ಹಿಡಿಯುತ್ತೇನೆ, ಜನ ಕೂರುತ್ತಾರೆ, ಬಿಡುತ್ತೇನೆ. ಮತ್ತೆ ಕುರ್ಚಿ ಬರುತ್ತದೆ. ಸಂಜೆ ಊಟಕ್ಕೆ ಕೂತಾಗಲೂ ಕೈ ತಾನಾಗಿಯೇ ಮುಂದೆ ಚಾಚುತ್ತದೆ. ನಾನು ತಟ್ಟೆ ಕೇಳುತ್ತಿದ್ದೇನೆ ಎಂದುಕೊಂಡು ಪಕ್ಕದವನು ತನ್ನ ತಟ್ಟೆ ಕೊಟ್ಟ. ಕೋಣೆಯಲ್ಲಿ ನಾವು ನಾಲ್ಕು ಜನ. ಹೀಟರಿನ ಮೇಲೆ ಯಾವಾಗಲೂ ಎಂಟು ಒದ್ದೆ ಕೈಗವಸು. ವಾಸನೆ ಬರೆಯುವುದಿಲ್ಲ, ಕಾಗದಕ್ಕೆ ಹತ್ತೀತು.

ಒಂದು ವಿಷಯ ಹೇಳಬೇಕು. ಇಲ್ಲಿ ಗುಡ್ಡ ಕಾಯುವ ತಂಡ ಅಂತ ಒಂದಿದೆ. ಬಿದ್ದವರನ್ನು, ದಾರಿ ತಪ್ಪಿದವರನ್ನು ಹುಡುಕಿ ಕೆಳಗೆ ತರುವವರು. ಅದರ ಮೇಸ್ತ್ರಿ ಮಾರ್ಚಿನಲ್ಲಿ ಪರೀಕ್ಷೆ ಇಟ್ಟಿದ್ದಾರೆ. ಓದು ಬರಹದ ಪರೀಕ್ಷೆ ಅಲ್ಲ. ಒಂದು ದಿನ ಪೂರ್ತಿ ಎರಡೂ ಕಾಲು ಸ್ನೋಬೋರ್ಡಿನ ಹಲಗೆಗೆ ಬಿಗಿದು ಗುಡ್ಡವೆಲ್ಲ ಜಾರಿ ಸುತ್ತಬೇಕು. ಯಂತ್ರ ಓಡಿಸಿ ನಯ ಮಾಡಿದ ಇಳಿಜಾರು, ಮೊಣಕಾಲು ಮುಳುಗುವ ಹೊಸ ಹಿಮ, ಮರಗಳ ಸಂದಿ, ಕೊನೆಗೆ ಬೋರ್ಡು ಹೆಗಲಿಗೆ ಹಾಕಿಕೊಂಡು ನೆತ್ತಿಯವರೆಗೆ ನಡಿಗೆ. ಪಾಸಾದರೆ ವರ್ಷವಿಡೀ ಕೆಲಸ, ಒಬ್ಬನಿಗೇ ಒಂದು ಕೋಣೆ. ಇಲ್ಲದಿದ್ದರೆ ಹಿಮ ಕರಗಿದ ಮೇಲೆ ಮತ್ತೆ ಮೂಟೆ ಹೊರುವುದು, ನಿಮ್ಮ ಅಡುಗೆಮನೆಯಲ್ಲಿ ಚಾಪೆ ಹಾಸುವುದು.

ಅಣ್ಣ ಕಲಿಸಿದ ವಿದ್ಯೆ ಇದೆ, ಹಳೆಯ ಬೋರ್ಡು ಒಂದನ್ನು ಇಲ್ಲಿಯೇ ಕೊಟ್ಟಿದ್ದಾರೆ. ಬೂಟು ಮಾತ್ರ ಬಾಡಿಗೆಯದು. ದಿನಕ್ಕೊಬ್ಬರು ಹಾಕಿ ಹಾಕಿ ಮೆತ್ತಗಾಗಿದೆ, ಒದ್ದೆ ಪೇಪರಿನ ಹಾಗೆ. ಇದರಲ್ಲಿ ಪರೀಕ್ಷೆ ಆಗದು, ಸ್ವಂತ ಬೂಟು ಇದ್ದರೆ ಒಳ್ಳೆಯದು. ನೋಡೋಣ.

ನಿಮ್ಮ ಮಗಳಿಗೆ ಮುತ್ತು.

ಇಂತಿ ನಿಮ್ಮ ಮೈದುನ,
ಗುಬ್ಬಿ


ಡಿಸೆಂಬರ್ ೮

ಚಿರಂಜೀವಿ ಗುಬ್ಬಿಗೆ,

ಕಾಗದ ತಲುಪಿತು. ನಾನು ಬಯ್ಯುವುದಿಲ್ಲ, ಬಯ್ಯಲೂ ಸುಸ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗ ಇಬ್ಬರ ಕೆಲಸ ನನ್ನೊಬ್ಬಳ ತಲೆಗೆ ಬಿದ್ದಿದೆ. ಹಾಸಿಗೆ ಬಟ್ಟೆ ಇಸ್ತ್ರಿ ಯಂತ್ರದಿಂದ ಬಿಸಿಬಿಸಿ ಬರುತ್ತದೆ, ಮಡಿಸಬೇಕು. ಮಡಿಸುವಷ್ಟರಲ್ಲಿ ಇನ್ನೊಂದು. ನಿನ್ನ ಕುರ್ಚಿ ನನ್ನ ಬಟ್ಟೆ ಒಂದೇ ಜಾತಿ.

ಇದರ ಜೊತೆ ಒಂದು ಡಬ್ಬ ಕಳಿಸಿದ್ದೇನೆ. ನಿನ್ನಣ್ಣನ ಬೂಟು. ನಿಮ್ಮಿಬ್ಬರ ಪಾದ ಒಂದೇ ಅಳತೆ, ಚಪ್ಪಲಿ ಅದಲುಬದಲು ಮಾಡಿಕೊಂಡು ಜಗಳ ಆಡುತ್ತಿದ್ದಿರಿ, ನೆನಪಿದೆಯಲ್ಲ. ನಿನ್ನಣ್ಣ ಬೇರೆ ಗುಡ್ಡದಲ್ಲಿ ಕಲಿಸುವ ಕೆಲಸ ಸಿಕ್ಕಿತು ಎಂದು ಹೋಗಿ ಇದು ಮೂರನೇ ಚಳಿಗಾಲ. ಒಂದು ಕಾಗದ ಬಂತು, ಆಮೇಲೆ ಅದೂ ಇಲ್ಲ. ಹೋಗುವಾಗ ಬೋರ್ಡು ತೆಗೆದುಕೊಂಡರು, ಬೂಟು ಬಾಗಿಲ ಹತ್ತಿರವೇ ಬಿಟ್ಟರು. ಬೂಟು ಬಿಟ್ಟು ಹೋದವರು ಬೂಟಿಗಾದರೂ ಬಂದೇ ಬರುತ್ತಾರೆ ಎಂದುಕೊಂಡು ದಿನಾ ಒರೆಸಿ ಇಡುತ್ತಿದ್ದೆ.

ಮೊನ್ನೆ ಮಗಳು ಅದರೊಳಗೆ ಕಾಲಿಟ್ಟು ಮನೆ ತುಂಬ ಧಡಧಡ ಓಡಾಡಿದಳು. ಕೆಳಗಿನ ಮನೆಯವರು ಬಂದು, "ಏನಮ್ಮಾ, ಯಜಮಾನರು ಬಂದ್ರಾ?" ಎಂದು ಕೇಳಿದರು. ಆಗ ಅನ್ನಿಸಿತು, ಇದು ಇಲ್ಲಿ ಇರುವುದು ಬೇಡ. ನಿನ್ನ ಕಾಲಿಗಾದರೂ ಆಗಲಿ.

ನಾನು ಕೊಡಿಸಿದ ಬೂಟು ಅದು. ಲಾಂಡ್ರಿಯ ಮೊದಲ ಸಂಬಳದಲ್ಲಿ. ಜೋಪಾನ.

ಹೊಂದಿತೋ ಇಲ್ಲವೋ ಬರೆ.

ನಿನ್ನ ಅತ್ತಿಗೆ


ಡಿಸೆಂಬರ್ ೨೧

ಪ್ರೀತಿಯ ಅತ್ತಿಗೆಗೆ,

ಬೂಟು ಬಂತು. ಡಬ್ಬ ಬಿಚ್ಚಿದಾಗ ಕೋಣೆಯವರೆಲ್ಲ ಬಂದು ನೋಡಿದರು. ಇಷ್ಟು ಹಳೆಯ ಬೂಟು ಇಷ್ಟು ಹೊಳೆಯುವುದು ಅವರು ಕಂಡೇ ಇಲ್ಲವಂತೆ.

ಹೂವಿನ ಹಾಗಿದೆ. ನೀವು ಇನ್ನು ಅದರ ಚಿಂತೆ ಬಿಡಿ.

ಇಲ್ಲಿ ರಜೆಯ ಜನ ಜಾಸ್ತಿ. ನಿಂತು ನಿಂತು ಸಾಕಾಗಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಗುಬ್ಬಿ


ಜನವರಿ ೩

ಗುಬ್ಬಿಗೆ,

ನಿನ್ನ ಕಾಗದವನ್ನು ಲಾಂಡ್ರಿಯ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಎರಡು ಸಲ ಓದಿದೆ. ಹೂವಿನ ಹಾಗಿದೆ. ನಿನ್ನಣ್ಣನೂ ಇದೇ ಮಾತು ಹೇಳಿದ್ದರು. ಮದುವೆಯಾದ ಮೊದಲ ಚಳಿಗಾಲ, ಬೂಟು ಹಾಕಿಕೊಂಡು ಮಂಚದಿಂದ ಬಾಗಿಲವರೆಗೆ ನಡೆದು, ತಿರುಗಿ ನಿಂತು, "ಹೂವಿನ ಹಾಗಿದೆ ಕಣೇ" ಎಂದರು. ನಾನು ಆ ದಿನ ನೆಲದ ಮೇಲೆ ಇರಲಿಲ್ಲ.

ಒಂದು ವಸ್ತುವನ್ನಾದರೂ ಸರಿಯಾಗಿ ಆರಿಸಿದೆನಲ್ಲ ಅನ್ನಿಸುತ್ತದೆ. ಅವರು ಯಾಕೆ ಹೋದರು ಎಂದು ಎಲ್ಲರೂ ಕೇಳುತ್ತಾರೆ. ಒಂದು ದಿನವೂ ಗದರಿದವರಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತು ಅಂದವರಲ್ಲ. ಏನಿಟ್ಟರೂ ಚೆನ್ನಾಗಿದೆ.

ನನ್ನ ಕಾಲು ಸಂಜೆಗೆ ಊದುತ್ತದೆ. ಸುಮ್ಮನೆ ಹೇಳಿದೆ. ನೀನು ಚೆನ್ನಾಗಿ ಅಭ್ಯಾಸ ಮಾಡು.

ಅತ್ತಿಗೆ


ಜನವರಿ ೧೯

ಪ್ರೀತಿಯ ಅತ್ತಿಗೆಗೆ,

ಈ ಕಾಗದವನ್ನು ಮೂರು ಸಲ ಹರಿದು ಹಾಕಿ ಬರೆಯುತ್ತಿದ್ದೇನೆ. ಬೂಟು ಹೂವಿನ ಹಾಗಿಲ್ಲ. ಮೊದಲ ದಿನವೂ ಇರಲಿಲ್ಲ.

ಅದು ನನಗೆ ದೊಡ್ಡದು. ಲೇಸು ಎಷ್ಟು ಬಿಗಿದರೂ ಒಳಗೆ ಹಿಮ್ಮಡಿ ಏಳುತ್ತದೆ. ಬೋರ್ಡು ತಿರುಗಿಸಬೇಕಾದರೆ ಬೆರಳಿನ ಮೇಲೆ ಭಾರ ಹಾಕಬೇಕು. ನಾನು ಭಾರ ಹಾಕಿದಾಗ ಮೊದಲು ಹಿಮ್ಮಡಿ ಮೇಲೆ ಬರುತ್ತದೆ, ಆಮೇಲೆ ಬೂಟು, ಎಲ್ಲ ಮುಗಿದ ಮೇಲೆ ಬೋರ್ಡು. ಅಷ್ಟರಲ್ಲಿ ಮರ ಬಂದಿರುತ್ತದೆ. ನೀವು ಕೊಟ್ಟದ್ದಲ್ಲವೇ ಎಂದು ಎರಡು ಜೊತೆ ಸಾಕ್ಸು ಹಾಕಿಕೊಂಡು ಸುಮ್ಮನಿದ್ದೆ. ಮೊನ್ನೆ ಮರಗಳ ಸಂದಿಯಲ್ಲಿ ಬಿದ್ದೆ. ಪೆಟ್ಟು ದೊಡ್ಡದಲ್ಲ, ಹೆದರಬೇಡಿ. ಮೇಸ್ತ್ರಿ ನೋಡಿಬಿಟ್ಟರು. "ಹೀಗಾದ್ರೆ ಮಾರ್ಚಲ್ಲಿ ನಿನ್ನನ್ನೇ ಹೊತ್ಕೊಂಡು ಬರಬೇಕಾಗುತ್ತೆ" ಎಂದು ಹೋದರು.

ಬಾಡಿಗೆ ಬೂಟು ಕೊಡುವ ಕೋಣೆಯನ್ನು ನೋಡಿಕೊಳ್ಳುವ ಮುದುಕಿ ಒಬ್ಬರಿದ್ದಾರೆ. ಎಲ್ಲರೂ ಬೂಟಜ್ಜಿ ಅನ್ನುತ್ತಾರೆ. ನಾನು ಆ ಕಡೆಯಿಂದ ತಲೆ ತಗ್ಗಿಸಿ ಹೋಗುತ್ತಿದ್ದೆ.

"ಏಯ್ ಕುಂಟುಕೋಳಿ, ಬಾ ಇಲ್ಲಿ. ಬಿಚ್ಚು."

"ಏನಿಲ್ಲ ಅಜ್ಜಿ, ಸ್ವಲ್ಪ..."

"ಸ್ವಲ್ಪ ಅಂತೆ! ಸಾಕ್ಸು ನೋಡಿಕೋ, ಕೆಂಪಗೆ ಹೂ ಬಿಟ್ಟಿದೆ. ಎಷ್ಟು ಜೊತೆ ಹಾಕಿದ್ದೀಯ?"

"ಎರಡು."

"ಒಂದು ಕಾಲಿಗೆ, ಇನ್ನೊಂದು ಸಂಕೋಚಕ್ಕೆ. ಯಾರದು ಬೂಟು?"

"ಅಣ್ಣನದು."

"ಅವನಿಗೂ ಇದು ಆಗ್ತಿರಲಿಲ್ಲ."

ನಾನು ಒಪ್ಪಲಿಲ್ಲ. ಅಣ್ಣ ಇದೇ ಬೂಟಿನಲ್ಲಿ ನನಗೆ ಕಲಿಸಿದ್ದು ಎಂದೆ. ಬೂಟಿನೊಳಗಿನ ಮೆತ್ತನೆಯ ಒಳಬೂಟನ್ನು ಬಿಸಿ ಮಾಡಿ ಕಾಲಿಗೆ ಒತ್ತಿಸಿದರೆ ಅದೇ ಆಕಾರಕ್ಕೆ ಬರುತ್ತದಂತಲ್ಲ, ಹಾಗೆ ಮಾಡಿಕೊಡಿ ಎಂದೂ ಕೇಳಿದೆ. "ಬಿಸಿ ಮಾಡಿದ್ರೆ ಬಿಗಿ ಇರೋದು ಸಡಿಲ ಆಗುತ್ತೆ. ಇದು ಮೊದಲೇ ಸಡಿಲ, ಇನ್ನೇನು ಜೋಳಿಗೆ ಮಾಡ್ಲಾ?" ಎಂದು ಒಳಬೂಟನ್ನು ಹೊರಗೆ ಎಳೆದರು. ಅದು ಪೂರ್ತಿ ಹೊರಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅತ್ತಿಗೆ, ಒಳಬೂಟಿನ ಹೊರಮೈಗೆ, ಹಿಮ್ಮಡಿಯ ಎರಡೂ ಬದಿಗೆ, ಉಣ್ಣೆಯ ದಪ್ಪ ಮಡಿಕೆ ಹೊಲಿದಿದೆ. ಕೆಳಗೂ ಒಂದು ಪದರ, ಎಲ್ಲ ಈಗ ಒತ್ತಿ ಚಪ್ಪಟೆಯಾಗಿದೆ. ಕಪ್ಪು ದಾರ, ಹೊಲಿಗೆ ಸೊಟ್ಟ, ಅಣ್ಣನದೇ ಕೈ. ಒಂದು ಸಲ ಹೊಲಿದದ್ದಲ್ಲ, ಸವೆದಾಗ ಮೇಲೆ ಮೇಲೆ ಹೊಲಿದದ್ದು. ಉಣ್ಣೆ ನಿಮ್ಮ ನೀಲಿ ಸ್ವೆಟರಿನದು. ಬಿಳಿ ಗೆರೆ ಹಾಗೇ ಇದೆ.

ಬರೆಯಬಾರದಿತ್ತೋ ಏನೋ. ಬರೆಯದೆ ಇರಲು ಆಗಲಿಲ್ಲ. ನೀವು ಬೇಡ ಅಂದರೆ ನಾನು ಇದನ್ನೇ ಹಾಕಿಕೊಂಡು ಪರೀಕ್ಷೆಗೆ ಹೋಗುತ್ತೇನೆ. ಅಣ್ಣ ಓಡಿಸಿದ, ನಾನೂ ಓಡಿಸಬಲ್ಲೆ.

ಗುಬ್ಬಿ


ಫೆಬ್ರವರಿ ೪

ಅತ್ತಿಗೆ,

ನಿಮ್ಮಿಂದ ಏನೂ ಬರಲಿಲ್ಲ. ಸಾಮಾನಿನ ಗಾಡಿ ಬಂದಾಗಲೆಲ್ಲ ಹೋಗಿ ಕೇಳುತ್ತೇನೆ. ಗಾಡಿಯವನು ಈಗ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾನೆ.

ಕೋಪ ಇದ್ದರೆ ಬಯ್ದು ಬರೆಯಿರಿ. ಕಾಲು ಊದುವುದು ಹೇಗಿದೆ?

ಗುಬ್ಬಿ


ಫೆಬ್ರವರಿ ೧೫

ಗುಬ್ಬಿಗೆ,

ಕೋಪ ಇತ್ತು. ಯಾರ ಮೇಲೆ ಎಂದು ಗೊತ್ತಾಗುವವರೆಗೆ ಬರೆಯುವುದು ಬೇಡ ಎಂದು ಸುಮ್ಮನಿದ್ದೆ.

ಆ ಸ್ವೆಟರ್ ಕಾಣೆಯಾದಾಗ ನಾನು ಇಡೀ ಮನೆ ತಲೆಕೆಳಗು ಮಾಡಿದ್ದೆ. ಅಮ್ಮ ಹೆಣೆದದ್ದು. ಒಣಹಾಕಿದಲ್ಲಿಂದ ಯಾರೋ ಕದ್ದರು ಎಂದು ಕೆಳಗಿನ ಮನೆಯವರ ಜೊತೆ ನಾನಾಗಿ ಮಾತಾಡುವುದು ಬಿಟ್ಟೆ. ನಿನ್ನಣ್ಣ ನನ್ನ ಜೊತೆ ಮಂಚದ ಕೆಳಗೆ ಬಗ್ಗಿ, ಟಾರ್ಚು ಹಿಡಿದು ಹುಡುಕಿದರು. "ಅಲ್ಲಿ ಬೀರು ಹಿಂದೆ ನೋಡಿದ್ಯಾ?" ಎಂದು ಕೇಳಿದರು, ಗುಬ್ಬಿ. ಬೀರುವನ್ನು ಇಬ್ಬರೂ ಸೇರಿ ಸರಿಸಿದೆವು. ನಿನ್ನ ಕಾಗದ ಓದಿ ಮೊದಲು ನಗು ಬಂತು. ಲಾಂಡ್ರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಬಂದದ್ದು ನಗು ಅಲ್ಲ.

ಬೂಟು ಕೊಳ್ಳುವಾಗ ಅಂಗಡಿಯವನು, "ಅವರನ್ನೇ ಕರ್ಕೊಂಡು ಬನ್ನಿ ಅಮ್ಮ, ಇದು ಹಾಕಿ ನೋಡದೆ ತಗೊಳ್ಳೋ ವಸ್ತು ಅಲ್ಲ" ಎಂದಿದ್ದ. ನಾನು ಕೇಳಲಿಲ್ಲ. ನಮ್ಮ ತವರಿನಲ್ಲಿ ಎಲ್ಲರಿಗೂ ಒಂದು ಸೈಜು ದೊಡ್ಡದೇ ತರುತ್ತಿದ್ದರು. ದಪ್ಪ ಸಾಕ್ಸು ಹಿಡಿಯಲಿ, ಮುಂದೆ ಇನ್ನೊಬ್ಬರಿಗೂ ಬರಲಿ ಎಂದು. ಸರಿ ಅಳತೆಯ ಬೂಟು ಹೇಗಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದೊಡ್ಡದು ಕೊಟ್ಟರೆ ಪ್ರೀತಿ ಹೆಚ್ಚು ಅಂತಲೇ ನಾನು ತಿಳಿದಿದ್ದು. ಸಾಯಂಕಾಲ ಅವರ ಸಾಕ್ಸು ನಾನೇ ಒಗೆಯುತ್ತಿದ್ದೆ. ಹಿಮ್ಮಡಿಯಲ್ಲಿ ಕಲೆ ಇರುತ್ತಿತ್ತು. ಕೇಳಿದರೆ "ಗುಡ್ಡ ಅಂದ್ಮೇಲೆ ಅಷ್ಟೂ ಇರಲ್ವಾ" ಎನ್ನುತ್ತಿದ್ದರು. ನಾನೂ ಎರಡನೇ ಸಲ ಕೇಳಲಿಲ್ಲ.

ಆರು ಚಳಿಗಾಲ ಹಾಕಿದರು. ಚೆನ್ನಾಗಿದೆ, ಚೆನ್ನಾಗಿದೆ. ಇನ್ನೂ ಏನೇನು ಚೆನ್ನಾಗಿರಲಿಲ್ಲವೋ.

ಬೋರ್ಡು ತೆಗೆದುಕೊಂಡು ಬೂಟು ಬಿಟ್ಟು ಹೋದದ್ದು ಯಾಕೆ ಎಂದು ಈಗ ನಿನಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ನಾನು ಅದನ್ನು ಒರೆಸಿ ಒರೆಸಿ ಇಟ್ಟೆ.

ನೀನು ಅದನ್ನು ಹಾಕಿಕೊಂಡು ಪರೀಕ್ಷೆಗೆ ಹೋಗಕೂಡದು. ನೀನೂ ನನಗೆ ಹೂವಿನ ಹಾಗಿದೆ ಎಂದು ಬರೆದೆಯಲ್ಲ, ಅದರಿಂದ ನನಗೆ ಹೆಚ್ಚು ನೋವಾಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನನ್ನ ಮನಸ್ಸು ನೋಯಬಾರದು ಅಂತ ಯಾರೂ ಇನ್ನು ಕಾಲು ನೋಯಿಸಿಕೊಳ್ಳಬೇಡಿ, ನನಗೆ ಸಾಕಾಗಿದೆ. ಆ ಅಜ್ಜಿಯ ಹತ್ತಿರ ಹೋಗು. ನಿನ್ನ ಕಾಲಿಗೆ ಸರಿಯಾದದ್ದು ಆರಿಸು. ಎಲ್ಲಿ ಕಚ್ಚುತ್ತದೆಯೋ ಬಾಯಿ ಬಿಟ್ಟು ಹೇಳು. ಮನೆಗೆ ತಂದ ಮೇಲೆ ಕಚ್ಚಿದರೂ ಅದೇ ದಿನ ನನಗೆ ಬರೆ.

ಹಳೆಯ ಬೂಟನ್ನು ವಾಪಸು ಕಳಿಸಬೇಡ. ಬಾಡಿಗೆ ಕೋಣೆಯಲ್ಲಿ ಇರಲಿ, ದೊಡ್ಡ ಕಾಲಿನವರು ಯಾರಾದರೂ ಬರುತ್ತಾರೆ. ಸ್ವೆಟರಿನ ತುಂಡು ಮಾತ್ರ ಬಿಚ್ಚಿ ಕಳಿಸು. ಅದು ನನ್ನದು.

ಅತ್ತಿಗೆ


ಫೆಬ್ರವರಿ ೨೬

ಪ್ರೀತಿಯ ಅತ್ತಿಗೆಗೆ,

ಉಣ್ಣೆ ಬಿಚ್ಚಿ ಇದರಲ್ಲಿ ಇಟ್ಟಿದ್ದೇನೆ. ದಾರ ಎಳೆಯುವುದು ಕಷ್ಟವಾಯಿತು. ಒಂದರ ಮೇಲೊಂದು ಗಂಟು.

ಬೂಟು ಆರಿಸಿದ ಕಥೆ ಕೇಳಿ. ಬೂಟಜ್ಜಿ ಕೆಲಸ ಮುಗಿದ ಮೇಲೆ ಸಂಜೆಯೇ ಬಾ ಎಂದರು. ಬೆಳಿಗ್ಗೆಯ ಕಾಲು ಸುಳ್ಳು ಹೇಳುತ್ತದಂತೆ, ಸಂಜೆ ದಣಿದು ಊದಿದ ಕಾಲೇ ನಿಜವಾದ ಕಾಲಂತೆ. ನಿಮ್ಮ ನೆನಪಾಯಿತು. ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ ಪಾದ ಅಳೆದರು. ಸಾಕ್ಸು ಒಂದೇ ಜೊತೆ, ತೆಳ್ಳಗಿನದು.

ಮೊದಲು ಕೊಟ್ಟದ್ದು ಮೆತ್ತಗಿನದು. ಕಾಲು ಹಾಕಿದರೆ ಮನೆಯ ಚಪ್ಪಲಿಯ ಹಾಗೆ. ನಾನು ಖುಷಿಯಾದೆ. "ಇದು ಹಾರಿ ಕುಣಿಯೋ ಹುಡುಗರಿಗೆ. ನೀನು ವೇಗವಾಗಿ ಇಳಿಯುವಾಗ ಹುಲ್ಲಿನ ಹಾಗೆ ಬಾಗುತ್ತೆ" ಎಂದು ಕಿತ್ತುಕೊಂಡರು. ಎರಡನೆಯದು ಮರದ ಹಾಗೆ ಗಟ್ಟಿ. ಅದರಲ್ಲಿ ಮೊಣಕಾಲು ಬಗ್ಗಿಸಲು ನನಗೆ ದೇವರೇ ಬರಬೇಕು. ಪಂದ್ಯ ಓಡುವವರಿಗೆ ಸರಿ, ಇದನ್ನು ಹಾಕಿಕೊಂಡು ನೆತ್ತಿಯವರೆಗೆ ನಡೆದು ಹತ್ತಿದರೆ ಮೊಣಕಾಲ ಕೆಳಗೆ ಎಲ್ಲ ಸಿಗಿದು ಹೋಗುತ್ತದೆ ಎಂದರು. ಗುಡ್ಡವೆಲ್ಲ ಸುತ್ತುವವನಿಗೆ ಎರಡರ ನಡುವಿನದು ಬೇಕು. ತಿರುಗಿಸಿದಾಗ ಮಾತು ಕೇಳುವಷ್ಟು ಗಟ್ಟಿ, ನಡೆದಾಗ ಕ್ಷಮಿಸುವಷ್ಟು ಮೆತ್ತಗೆ. ಅಂಥವು ಮೂರು ಜೊತೆ ಸಾಲಾಗಿ ಇಟ್ಟರು.

ಒಂದನ್ನು ಹಾಕಿದೆ. "ಎಲ್ಲಿ ಕಚ್ಚುತ್ತೆ?" ಎಂದರು.

"ಎಲ್ಲೂ ಇಲ್ಲ."

"ಮುಖ ನೋಡಿದ್ರೆ ಹಲ್ಲು ಕೀಳಿಸಿಕೊಂಡ ಹಾಗಿದೆ. ಎಲ್ಲಿ?"

"ಪರವಾಗಿಲ್ಲ ಅಜ್ಜಿ."

"ನೋಡಪ್ಪ, ನಿನಗೆ ಪರವಾಗಿಲ್ಲ. ನಿನ್ನ ಬೋರ್ಡಿಗೆ ಪರವಾ ಇದೆ. ಹೇಳ್ತೀಯೋ, ದೀಪ ಆರಿಸಿ ಮನೆಗೆ ಹೋಗ್ಲೋ?"

ಅತ್ತಿಗೆ, ನಗಬೇಡಿ, ನನಗೆ ಬೆವರು ಬಂತು. ಬಾಡಿಗೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಎಡಗಾಲಿನ ಗಂಟಿನ ಹೊರಗಡೆ ಒತ್ತುತ್ತದೆ ಎಂದೆ. ಅಷ್ಟೇ ಹೇಳಿದ್ದು. ಅವರು ಬೂಟು ತೆಗೆದು ಬೇರೆಯದು ಕೊಟ್ಟರು. ಅದು ಬೆರಳಿನ ಹತ್ತಿರ ಅಗಲ, ಹಿಮ್ಮಡಿ ಎದ್ದಿತು. ಅದನ್ನೂ ಹೇಳಿದೆ. ಎರಡನೇ ಸಲ ಸುಲಭವಾಯಿತು.

ಮೂರನೆಯದು ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಿತು. ಚಿಕ್ಕದು ಎಂದೆ. "ಮೊಣಕಾಲು ಬಗ್ಗಿಸು" ಎಂದರು. ಬಗ್ಗಿಸಿದಾಗ ಬೆರಳು ಹಿಂದೆ ಸರಿಯಿತು, ಹಿಮ್ಮಡಿ ಹೋಗಿ ತನ್ನ ಜಾಗದಲ್ಲಿ ಕೂತಿತು. ಎಷ್ಟು ಎತ್ತಿದರೂ ಏಳಲಿಲ್ಲ. ಇದಕ್ಕೆ ಲೇಸಿಲ್ಲ, ಗುಂಡಿ ತಿರುಗಿಸಿದರೆ ಒಳಗೆ ತಂತಿ ಬಿಗಿಯುತ್ತದೆ. ಕೈಗವಸು ಹಾಕಿಕೊಂಡೇ ಬಿಗಿಯಬಹುದು. ಕೂಡಲೇ ಬಿಚ್ಚಲು ಬಿಡಲಿಲ್ಲ. ಅದನ್ನು ಹಾಕಿಸಿಯೇ ಕೋಣೆ ಗುಡಿಸಿಸಿದರು, ಬೆಂಚು ಒರೆಸಿಸಿದರು, ಒದ್ದೆ ಬೂಟುಗಳನ್ನೆಲ್ಲ ಒಣಗುವ ಗೂಟಕ್ಕೆ ನೇತು ಹಾಕಿಸಿದರು. ಬೂಟು ನೋಡುವುದಕ್ಕೋ ಕೆಲಸ ತೆಗೆಯುವುದಕ್ಕೋ ಗೊತ್ತಿಲ್ಲ.

ಅಜ್ಜಿ ಮಾರಲು ಇಟ್ಟದ್ದರಲ್ಲಿ ಅದನ್ನೇ ಕೊಂಡುಕೊಂಡೆ. ಹೋದ ವರ್ಷದ ಮಾದರಿ, ಅದಕ್ಕೇ ಅಗ್ಗ, ಬಣ್ಣ ಚೆನ್ನಾಗಿಲ್ಲ, ಸಾಸಿವೆಯ ಹಾಗೆ ಹಳದಿ. ದೂರದಿಂದ ಕಾಣುತ್ತದೆ, ಕಳೆದುಹೋದರೆ ಹುಡುಕಲು ಸುಲಭ ಎಂದು ಕೋಣೆಯವರು ನಗುತ್ತಾರೆ.

ಅಣ್ಣನ ಬೂಟನ್ನು ಬಾಡಿಗೆಯ ಸಾಲಿನಲ್ಲಿ ಕೊನೆಗೆ ಇಟ್ಟೆವು. ನಾನು ನೋಡುತ್ತ ನಿಂತಿದ್ದೆ. "ಹೋಗು, ಅದು ಓಡಿಹೋಗಲ್ಲ" ಎಂದರು ಅಜ್ಜಿ.

ಗುಬ್ಬಿ


ಮಾರ್ಚ್ ೮

ಗುಬ್ಬಿಗೆ,

ಉಣ್ಣೆ ಬಂತು. ಎಡಗಾಲಿನದು ಹೆಚ್ಚು ಸವೆದಿದೆ. ಅವರು ಎಡಕ್ಕೆ ವಾಲಿ ನಡೆಯುತ್ತಿದ್ದರು ಎಂದು ನನಗೆ ಮರೆತೇ ಹೋಗಿತ್ತು. ಒಗೆದು ಹಂಡೆಯ ಪಕ್ಕ ಒಣಹಾಕಿದೆ. ಎಷ್ಟೋ ವರ್ಷದ ಮೇಲೆ ನನ್ನ ಸ್ವೆಟರ್ ಒಗೆದ ಹಾಗಾಯಿತು. ಬಿಳಿ ಗೆರೆ ಈಗ ಬಿಳಿಯಾಗಿಲ್ಲ.

ಕೆಳಗಿನ ಮನೆಯವರಿಗೆ ಹೋಗಿ ಹೇಳಿದೆ, ಸ್ವೆಟರ್ ಸಿಕ್ಕಿತು ಎಂದು. "ಎಲ್ಲಿತ್ತಮ್ಮಾ?" ಎಂದರು. "ಮನೆಯಲ್ಲೇ ಇತ್ತು" ಎಂದೆ. ಅವರು ಕೂರಿಸಿ ಚಹಾ ಕೊಟ್ಟರು.

ಲಾಂಡ್ರಿಯ ಮೇಲ್ವಿಚಾರಕಿಗೆ, ನಿಂತು ನಿಂತು ಕಾಲು ಊದುತ್ತದೆ, ಒಂದು ಎತ್ತರದ ಸ್ಟೂಲು ಬೇಕು ಎಂದು ಕೇಳಿದೆ. "ಇಷ್ಟು ವರ್ಷ ಹೇಳಲೇ ಇಲ್ವಲ್ಲ?" ಎಂದು ನನ್ನನ್ನೇ ಬಯ್ದರು. ಸ್ಟೂಲು ಇನ್ನೂ ಬಂದಿಲ್ಲ.

ನಿನ್ನಣ್ಣನ ಕೊನೆಯ ಕಾಗದದ ಮೇಲಿದ್ದ ವಿಳಾಸಕ್ಕೆ ನಾಲ್ಕು ಸಾಲು ಬರೆದು ಹಾಕಿದೆ. ಬನ್ನಿ ಎಂದು ಬರೆಯಲಿಲ್ಲ. ಬೂಟಿಗಾಗಿ ಬರುವುದು ಬೇಡ, ಅದು ಈಗ ಇಲ್ಲಿಲ್ಲ ಎಂದು ಮಾತ್ರ ಬರೆದೆ. ಉತ್ತರ ಕಾಯುವಷ್ಟು ತ್ರಾಣ ನನಗಿಲ್ಲ.

ಪರೀಕ್ಷೆ ಮುಗಿದ ಮೇಲೆ ಬರೆ. ಪಾಸಾಗದಿದ್ದರೆ ಚಾಪೆ ಇದೆ, ಅಡುಗೆಮನೆ ಇದೆ. ಬಾಗಿಲ ಹತ್ತಿರ ಈಗ ಜಾಗವೂ ಇದೆ.

ಅತ್ತಿಗೆ


ಮಾರ್ಚ್ ೨೨

ಪ್ರೀತಿಯ ಅತ್ತಿಗೆಗೆ,

ಪರೀಕ್ಷೆ ಮುಗಿಯಿತು. ಆ ದಿನ ಬೆಳಿಗ್ಗೆಯಿಂದ ಗಾಳಿ. ನಯ ಮಾಡಿದ ಇಳಿಜಾರು ಗಾಜಿನ ಹಾಗಿತ್ತು, ಮರಗಳ ಸಂದಿಯಲ್ಲಿ ಮೊಣಕಾಲ ಮೇಲೆ ಹಿಮ. ನಾನು ಎಲ್ಲರಿಗಿಂತ ವೇಗವೇನೂ ಹೋಗಲಿಲ್ಲ. ಹೋದ ಸಲ ಬಿದ್ದ ಮರದ ಹತ್ತಿರ ಬಂದೆ. ಬೆರಳಿಗೆ ಭಾರ ಹಾಕಿದೆ, ಬೋರ್ಡು ತಿರುಗಿತು. ಅಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಅಣ್ಣ ಎಷ್ಟು ಕಷ್ಟಪಡುತ್ತಿದ್ದ ಎಂದು ಅಲ್ಲಿ ಗೊತ್ತಾಯಿತು. ಕಲಿಸುವಾಗ ಬಿದ್ದರೆ ನಗುತ್ತಿದ್ದ. ಬೇಕೆಂದೇ ಬೀಳುತ್ತಾನೆ ಎಂದು ನಾನು ತಿಳಿದಿದ್ದೆ.

ನೆತ್ತಿಗೆ ನಡೆದು ಹತ್ತುವಾಗ ಕೊನೆಯಿಂದ ಎರಡನೆಯವನು ನಾನು. ಕೊನೆಯವನು ಬಾಡಿಗೆ ಬೂಟಿನಲ್ಲಿದ್ದ.

ಮೇಸ್ತ್ರಿ ಮುಂದಿನ ಚಳಿಗಾಲ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಬೇಸಿಗೆಯಲ್ಲಿ ತೂಗುಕುರ್ಚಿಗಳಿಗೆ ಬಣ್ಣ ಬಳಿಯುವ ಕೆಲಸ. ಕೋಣೆ ಸಿಕ್ಕಿದೆ, ಒಬ್ಬನಿಗೇ. ಹೀಟರಿನ ಮೇಲೆ ಈಗ ಎರಡೇ ಕೈಗವಸು. ಎಷ್ಟು ದಣಿದಿದ್ದೇನೆ ಎಂದರೆ ಖುಷಿಪಡುವುದನ್ನು ನಾಳೆಗೆ ಇಟ್ಟಿದ್ದೇನೆ.

ಅಣ್ಣನ ಬೂಟನ್ನು ಮೊನ್ನೆ ಒಬ್ಬರು ದೊಡ್ಡ ಆಳು ಬಾಡಿಗೆಗೆ ತೆಗೆದುಕೊಂಡು ಹೋದರು. ಸಂಜೆ ತಂದು ಕೊಡುವಾಗ ಅಜ್ಜಿ ಕೇಳಿದರಂತೆ, ಎಲ್ಲಾದರೂ ಕಚ್ಚಿತಾ ಎಂದು. ಅವರು, "ಇಲ್ವಲ್ಲ, ಯಾಕೆ?" ಎಂದರಂತೆ.

ನೀವು ಹೇಳಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಹೊಸ ಬೂಟು ಇವತ್ತು ಬಲಗಾಲಿನ ಕಿರುಬೆರಳಿಗೆ ಸ್ವಲ್ಪ ಕಚ್ಚಿತು.

ಇಂತಿ ನಿಮ್ಮ ಮೈದುನ,
ಗುಬ್ಬಿ